‘ಓಡಿಸೋದು ಗೊತ್ತಿದ್ರೆ ಏನೂ ಆಗಲ್ಲ’: ಜಿಮ್ ಕ್ಲಾರ್ಕ್ ನೆನಪು

2020ರ ನವೆಂಬರ್ 29ರ ಆ ವಿಡಿಯೊ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಬಹ್ರೇನ್‌ನಲ್ಲಿ ರೊಮೇನ್ ಗ್ರೋಜಾನ್‌ನ ಕಾರು ತಡೆಬೇಲಿಗೆ ಗುದ್ದಿ ಎರಡು ತುಂಡಾಗುತ್ತೆ, ಭಗ್ ಅಂತ ಬೆಂಕಿ ಏಳುತ್ತೆ. ಅರ್ಧ ನಿಮಿಷದೊಳಗೆ ಆ ಬೆಂಕಿಯಿಂದ ಮನುಷ್ಯ ಎದ್ದು ಹೊರಗೆ ಬರ್ತಾನೆ. ನಾನು ಅದನ್ನ ಫೋನಲ್ಲಿ ನಾಲ್ಕೈದು ಸಲ ನೋಡಿದೆ. ನೋಡ್ತಾ ನನಗೆ ನೆನಪಾಗಿದ್ದು ಮಾತ್ರ ಇನ್ನೊಬ್ಬ ಡ್ರೈವರ್, ಅದಕ್ಕೂ 52 ವರ್ಷ ಮೊದಲು ಜರ್ಮನಿಯ ಒಂದು ಕಾಡಿನಲ್ಲಿ ಸತ್ತವನು. ಜಿಮ್ ಕ್ಲಾರ್ಕ್.

ನಮ್ಮ ಮನೆಗಳಲ್ಲಿ ಒಂದು ಮಾತಿದೆಯಲ್ಲ, ‘ಗಾಡಿ ಓಡಿಸೋದು ಸರಿಯಾಗಿ ಗೊತ್ತಿದ್ರೆ ಏನೂ ಆಗಲ್ಲ ಬಿಡು’ ಅಂತ. ಹೆಲ್ಮೆಟ್ ಹಾಕ್ಕೊಳ್ದೆ ಹಾಲು ತರೋಕೆ ಹೋಗುವಾಗ ನಾನೂ ಹೇಳಿದ್ದೀನಿ. 1960ರ ದಶಕದ ಫಾರ್ಮುಲಾ ಒನ್ ನಡೀತಿದ್ದಿದ್ದೇ ಹೆಚ್ಚುಕಮ್ಮಿ ಈ ಒಂದು ನಂಬಿಕೆ ಮೇಲೆ. ಸಾಯೋನು ತಪ್ಪು ಮಾಡಿದೋನು. ತಪ್ಪೇ ಮಾಡದವನಿಗೆ ಏನೂ ಆಗಲ್ಲ. ಆ ತಪ್ಪೇ ಮಾಡದವನು ಯಾರು ಅಂತ ಅವತ್ತಿನ ಯಾವ ಡ್ರೈವರನ್ನ ಕೇಳಿದ್ರೂ ಬರ್ತಿದ್ದ ಹೆಸರು ಕ್ಲಾರ್ಕ್.

ಹುಟ್ಟಿದ್ದು 1936ರ ಮಾರ್ಚ್ 4, ಸ್ಕಾಟ್ಲೆಂಡಿನಲ್ಲಿ. ನಾಲ್ವರು ಅಕ್ಕಂದಿರ ನಂತರ ಒಬ್ಬನೇ ಗಂಡು ಮಗ. ಚರ್ನ್‌ಸೈಡ್ ಅನ್ನೋ ಊರಿನ ಹತ್ತಿರ ಮನೆಯವರ ಜಮೀನು, ಕುರಿ ಸಾಕಣೆ. ರೇಸಿಗೆ ಹೋಗೋದು ಅಪ್ಪ ಅಮ್ಮನಿಗೆ ಸುತಾರಾಂ ಇಷ್ಟ ಇರಲಿಲ್ಲ. ಹುಡುಗ ತುಂಬಾ ಸಂಕೋಚದವನು, ಉಗುರು ಕಚ್ಚೋ ಅಭ್ಯಾಸ. ಊಟಕ್ಕೆ ಎಲ್ಲಿ ಹೋಗೋಣ ಅಂದ್ರೂ ನಿರ್ಧಾರಕ್ಕೆ ಬರೋಕೆ ಒದ್ದಾಡೋನು. ಕಾರಲ್ಲಿ ಕೂತ್ರೆ ಮಾತ್ರ ಬೇರೆಯೇ ಮನುಷ್ಯ.

ಅವನ ಎರಡನೇ ಗ್ರಾನ್ ಪ್ರಿ, 1960ರ ಜೂನ್, ಬೆಲ್ಜಿಯಂನ ಸ್ಪಾ. ಇವತ್ತಿನ ಸ್ಪಾ ಅಲ್ಲ ಅದು. ಹದಿನಾಲ್ಕು ಕಿಲೋಮೀಟರ್ ಉದ್ದದ ಮಾಮೂಲಿ ರಸ್ತೆ, ಪಕ್ಕದಲ್ಲೇ ಮನೆಗಳು, ಹೊಲದ ಬೇಲಿ, ಮರ. ಪ್ರಾಕ್ಟೀಸಲ್ಲೇ ಸ್ಟರ್ಲಿಂಗ್ ಮಾಸ್‌ನ ಎರಡೂ ಕಾಲು ಮುರೀತು. ರೇಸಿನ ದಿನ ಕೆಲವೇ ನಿಮಿಷಗಳ ಅಂತರದಲ್ಲಿ ಇಬ್ಬರು ಸತ್ತರು. 22 ವರ್ಷದ ಕ್ರಿಸ್ ಬ್ರಿಸ್ಟೋ, ಆಮೇಲೆ ಕ್ಲಾರ್ಕ್‌ನ ಲೋಟಸ್ ತಂಡದವನೇ ಆದ ಅಲನ್ ಸ್ಟೇಸಿ. ಸ್ಟೇಸಿ ಮುಖಕ್ಕೆ ಒಂದು ಹಕ್ಕಿ ಬಡಿದಿತ್ತು. ಬ್ರಿಸ್ಟೋ ಹೆಣ ರಸ್ತೆ ಮೇಲಿರುವಾಗ ಕ್ಲಾರ್ಕ್ ಸ್ವಲ್ಪದರಲ್ಲಿ ತಪ್ಪಿಸಿಕೊಂಡು ಪಕ್ಕದಲ್ಲೇ ಹಾದುಹೋದ. ರೇಸು ನಿಲ್ಲಲಿಲ್ಲ. ಇವನು ಐದನೆಯವನಾಗಿ ಮುಗಿಸಿ ಇಳಿದು ನೋಡ್ತಾನೆ, ಕಾರಿನ ಮೇಲೆ ರಕ್ತ.

ಅವತ್ತಿನಿಂದ ಸ್ಪಾ ಕಂಡರಾಗ್ತಿರಲಿಲ್ಲ ಅವನಿಗೆ. ಆದ್ರೆ 1962ರಿಂದ 1965ರವರೆಗೆ ನಾಲ್ಕಕ್ಕೆ ನಾಲ್ಕೂ ವರ್ಷ ಅಲ್ಲಿ ಗೆದ್ದಿದ್ದು ಅವನೇ! 1963ರದ್ದು ನನಗೆ ಬಲು ಇಷ್ಟದ ಕಥೆ. ಎಂಟನೇ ಸ್ಥಾನದಿಂದ ಹೊರಟು ಶುರುವಿನಲ್ಲೇ ಎಲ್ಲರನ್ನೂ ದಾಟಿದ. ಟಾಪ್ ಗೇರ್ ತಾನಾಗೇ ಕಳಚಿಕೊಳ್ತಿತ್ತು. ಒಂದು ಕೈಯಲ್ಲಿ ಗೇರ್ ಲಿವರ್ ಒತ್ತಿ ಹಿಡಿದು, ಇನ್ನೊಂದರಲ್ಲಿ ಸ್ಟೇರಿಂಗ್. ಮೇಲಿಂದ ಧೋ ಅಂತ ಮಳೆ. ಕೊನೆಗೆ ಎರಡನೆಯವನಾಗಿ ಬಂದ ಬ್ರೂಸ್ ಮೆಕ್‌ಲಾರೆನ್‌ಗಿಂತ ಸುಮಾರು ಐದು ನಿಮಿಷ ಮುಂದೆ. ಸೆಕೆಂಡ್ ಅಲ್ಲ ಸ್ವಾಮಿ, ನಿಮಿಷ.

ಆ ವರ್ಷ ಹತ್ತು ರೇಸಲ್ಲಿ ಏಳು ಗೆದ್ದು ವಿಶ್ವ ಚಾಂಪಿಯನ್ ಆದ, 1965ರಲ್ಲಿ ಮತ್ತೊಮ್ಮೆ. ಅದೇ ವರ್ಷ ಅಮೆರಿಕಕ್ಕೆ ಹೋಗಿ ಇಂಡಿಯಾನಾಪೊಲಿಸ್ 500 ಕೂಡ ಗೆದ್ದ, 200 ಸುತ್ತುಗಳಲ್ಲಿ 190ರಲ್ಲಿ ಮುಂದಿದ್ದು. ನೋಡೋರಿಗೆ ಅವನು ಜೋರಾಗಿ ಹೋಗ್ತಿದ್ದಾನೆ ಅಂತಲೇ ಅನಿಸ್ತಿರಲಿಲ್ಲವಂತೆ. ಟೈರು, ಬ್ರೇಕ್ ಪ್ಯಾಡು ಬೇರೆಯವರಿಗಿಂತ ನಿಧಾನ ಸವೀತಿದ್ವು. ಕುರಿ ಸಾಕಿದ ಕೈ, ಬಿರುಸು ಗೊತ್ತಿಲ್ಲ ಅಂತ ನಾನು ಅಂದ್ಕೋತೀನಿ. ಅದು ನನ್ನ ಕಲ್ಪನೆ, ಬಿಡಿ.

ಇನ್ನು ಕಾರುಗಳ ಕಥೆ. ಲೋಟಸ್‌ನ ಮಾಲೀಕ ಕಾಲಿನ್ ಚಾಪ್ಮನ್‌ಗೆ ತೂಕ ಇಳಿಸೋದೇ ಧ್ಯಾನ. ಹಗುರ ಆದಷ್ಟೂ ವೇಗ, ಹಗುರ ಆದಷ್ಟೂ ಮುರಿಯೋ ಭಯ. ಡ್ರೈವರ್ ಹೆಚ್ಚುಕಮ್ಮಿ ಮಲಗಿಕೊಂಡೇ ಓಡಿಸೋನು, ಎರಡೂ ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕ್. ಸೀಟ್ ಬೆಲ್ಟ್ ಹಾಕ್ತಿರಲಿಲ್ಲ. ಉರಿಯೋ ಕಾರಲ್ಲಿ ಸಿಕ್ಕಿಹಾಕ್ಕೊಳ್ಳೋದಕ್ಕಿಂತ ಹೊರಗೆ ಎಗರಿ ಬೀಳೋದೇ ವಾಸಿ ಅನ್ನೋ ಲೆಕ್ಕಾಚಾರ!

1961ರಲ್ಲಿ ಇಟಲಿಯ ಮೊಂಜಾದಲ್ಲಿ ಫಾನ್ ಟ್ರಿಪ್ಸ್‌ನ ಫೆರಾರಿಗೂ ಕ್ಲಾರ್ಕ್ ಕಾರಿಗೂ ಚಕ್ರ ತಗುಲಿತು. ಫಾನ್ ಟ್ರಿಪ್ಸ್ ಸತ್ತ, ಜೊತೆಗೆ 15 ಪ್ರೇಕ್ಷಕರು. ಕ್ಲಾರ್ಕ್‌ಗೆ ಗಾಯ ಆಗಲಿಲ್ಲ, ಆದ್ರೆ ಇಟಲಿಯ ವಿಚಾರಣೆ ಬಹಳ ಕಾಲ ಬೆನ್ನು ಬಿಡಲಿಲ್ಲ. ಇಷ್ಟೆಲ್ಲ ನೋಡಿಯೂ ಯಾಕೆ ಬಿಡಲಿಲ್ಲ? ಈ ಪ್ರಶ್ನೆ ನನ್ನನ್ನ ಕಾಡುತ್ತೆ. ದುಡ್ಡು, ಹೆಸರು ಅನ್ನೋದು ಸುಲಭದ ಉತ್ತರ. ಒಂದು ಕೆಲಸ ಇಷ್ಟು ಚೆನ್ನಾಗಿ ಬರುವವನಿಗೆ ಅದನ್ನ ಬಿಟ್ಟು ಎದ್ದು ಬರೋದು ಎಷ್ಟು ಕಷ್ಟ ಅನ್ನೋದೂ ಇರಬಹುದು.

1968ರ ಜನವರಿ 1ರಂದು ದಕ್ಷಿಣ ಆಫ್ರಿಕಾದಲ್ಲಿ 25ನೇ ಗ್ರಾನ್ ಪ್ರಿ ಗೆದ್ದು ಫಾಂಜಿಯೊನ 24ರ ದಾಖಲೆ ಮುರಿದ. ಅದೇ ಕೊನೆಯ ಗೆಲುವು, 72ನೇ ರೇಸು.

ಏಪ್ರಿಲ್ 7, ಭಾನುವಾರ, ಹಾಕೆನ್‌ಹೈಮ್. ದೊಡ್ಡ ರೇಸೂ ಅಲ್ಲ, ಫಾರ್ಮುಲಾ ಟು. ಒದ್ದೆ ಟ್ರ್ಯಾಕು. ಉದ್ದನೆಯ ನೇರ ರಸ್ತೆ, ಎರಡೂ ಕಡೆ ದಟ್ಟ ಕಾಡು, ಮಧ್ಯೆ ತಡೆಬೇಲಿ ಅನ್ನೋದೇ ಇಲ್ಲ. ಐದನೇ ಸುತ್ತಿನಲ್ಲಿ ಕಾರು ಅತ್ತಿತ್ತ ತೂರಾಡಿ ಮರಕ್ಕೆ ಹೊಡೀತು. ಹತ್ತಿರದಲ್ಲಿ ಬೇರೆ ಕಾರಿರಲಿಲ್ಲ. ಹಿಂದಿನ ಟೈರಲ್ಲಿ ಗಾಳಿ ಇಳಿದಿತ್ತು ಅನ್ನೋದೇ ಹೆಚ್ಚಿನವರು ಒಪ್ಪೋ ಕಾರಣ. ಅವನಿಗೆ 32 ವರ್ಷ.

ಸಾವು ಆ ಲೋಕಕ್ಕೆ ಹೊಸದಲ್ಲ. ಆದ್ರೆ ಈ ಸಾವು ಎಲ್ಲರ ಲೆಕ್ಕ ತಪ್ಪಿಸಿತು. ಜಿಮ್‌ಗೇ ಹೀಗಾಯ್ತು ಅಂದ್ಮೇಲೆ ನಮ್ಮ ಗತಿ ಏನು ಅನ್ನೋ ಅರ್ಥದಲ್ಲಿ ಕ್ರಿಸ್ ಏಮನ್ ಹೇಳಿದ್ದ. ಮುಂದಿನ ತಿಂಗಳು ಇಂಡಿಯಾನಾಪೊಲಿಸ್‌ನಲ್ಲಿ ಕ್ಲಾರ್ಕ್ ಜಾಗಕ್ಕೆ ಬಂದ ಮೈಕ್ ಸ್ಪೆನ್ಸ್ ಸತ್ತ. ಜೂನ್‌ನಲ್ಲಿ ಸ್ಕಾರ್ಫಿಯೊಟ್ಟಿ. ಜುಲೈನಲ್ಲಿ ಜೋ ಶ್ಲೆಸರ್. ತಿಂಗಳಿಗೊಬ್ಬರು.

ಕ್ಲಾರ್ಕ್‌ನ ಗೆಳೆಯ, ಇನ್ನೊಬ್ಬ ಸ್ಕಾಟ್ಲೆಂಡಿನವ ಜಾಕಿ ಸ್ಟುವರ್ಟ್, 1966ರಲ್ಲಿ ಅದೇ ಸ್ಪಾದಲ್ಲಿ ಪೆಟ್ರೋಲಿನಲ್ಲಿ ನೆನೆದು ಕಾರಲ್ಲಿ ಸಿಕ್ಕಿಹಾಕಿಕೊಂಡಿದ್ದ. ಬಿಡಿಸೋಕೆ ಸ್ಪ್ಯಾನರ್ ಕೂಡ ಪ್ರೇಕ್ಷಕರೊಬ್ಬರ ಹತ್ತಿರ ಕೇಳಿ ತರಬೇಕಾಯ್ತು. ಆಗಿನಿಂದ ತಡೆಬೇಲಿ ಹಾಕಿ, ಡಾಕ್ಟರ್ ಇಡಿ ಅಂತ ಕೇಳ್ತಾನೇ ಇದ್ದ, ಹೇಡಿ ಅನ್ನಿಸಿಕೊಳ್ತಾನೂ ಇದ್ದ. 1968ರ ನಂತರ ಅವನ ಜೊತೆ ನಿಲ್ಲೋರು ಹೆಚ್ಚಾದರು. 1969ರಲ್ಲಿ ಡ್ರೈವರ್‌ಗಳು ಒಪ್ಪದೆ ಸ್ಪಾ ರೇಸೇ ನಡೀಲಿಲ್ಲ. ಹಾಕೆನ್‌ಹೈಮ್‌ಗೆ ತಡೆಬೇಲಿ ಬಂತು, ವೇಗ ತಗ್ಗಿಸೋ ತಿರುವು ಬಂತು. 2002ರಲ್ಲಿ ಟ್ರ್ಯಾಕ್ ಮೊಟಕಾಗಿ ಕಾಡಿನ ಹಳೇ ರಸ್ತೆಯಲ್ಲಿ ಮತ್ತೆ ಗಿಡ ನೆಟ್ಟರು. ಹಾಕೆನ್‌ಹೈಮ್‌ನಲ್ಲಿ ಕ್ಲಾರ್ಕ್‌ನ ನೆನಪಿನ ಕಲ್ಲಿದೆ.

ಸಮಾಧಿ ಇರೋದು ಚರ್ನ್‌ಸೈಡ್‌ನಲ್ಲಿ. ಅಲ್ಲಿನ ಕಲ್ಲಿನಲ್ಲಿ ಮೊದಲು ‘ರೈತ’ ಅಂತಿದೆ, ರೇಸಿಂಗ್ ಡ್ರೈವರ್ ಅನ್ನೋದು ಅದರ ನಂತರ.