ಅತ್ತೆಯ ತೋಟಾ ಲೆಕ್ಕ

ಬೇಲೂರಿಗೆ ಹೋದವರೆಲ್ಲ ದರ್ಪಣ ಸುಂದರಿಯ ಮುಂದೆ ನಿಂತು ಬರುತ್ತಾರೆ. ನನಗೆ ಚಿಕ್ಕಂದಿನಿಂದ ಹಿಡಿಸಿದವಳು ಬೇರೆಯವಳು: ಬಿಲ್ಲು ಹಿಡಿದು ಬೇಟೆಗೆ ನಿಂತ ಮದನಿಕೆ. ತೌರುಮನೆ ಗುಡಿಗೆ ಹತ್ತಿರದಲ್ಲೇ ಇದ್ದುದರಿಂದ, ಶಾಲೆ ಬಿಟ್ಟ ಮೇಲೆ ಹೋಗಿ ಕತ್ತೆತ್ತಿ ಅವಳನ್ನು ನೋಡುತ್ತಿದ್ದೆ. ಒಡವೆಗಳ ಭಾರದಲ್ಲೂ ಗುರಿ ತಪ್ಪದ ಹೆಂಗಸು! ಹೊಯ್ಸಳರ ಲಾಂಛನವೇ ಒಂದು ಬೇಟೆಯಲ್ಲವೇ? ಹಳೇಬೀಡಿಗೆ ಹೋಗಿ, ಬೇಲೂರಿಗೆ ಬನ್ನಿ, ಸಳ ಮೃಗವನ್ನು ಹೊಯ್ಯುತ್ತಲೇ ಇರುತ್ತಾನೆ. 2023ರಲ್ಲಿ ಈ ಗುಡಿಗಳು ಯುನೆಸ್ಕೋದ ಪಟ್ಟಿಗೆ ಸೇರಿದಾಗ ಟಿ.ವಿ.ಯಲ್ಲಿ ಮತ್ತೆ ಅವಳನ್ನು ತೋರಿಸುತ್ತಾರೇನೋ ಎಂದು ಕಾದು ಕೂತೆ. ತೋರಿಸಿದ್ದು ಕನ್ನಡಿಯವಳನ್ನೇ.

ಅಂಥ ಊರಿನಿಂದ 1975ರಲ್ಲಿ ನಾನು ಸೊಸೆಯಾಗಿ ಬಂದದ್ದು ಅರಸೀಕೆರೆಯ ಒಂದು ಕೋವಿ ಅಂಗಡಿಯ ಮನೆಗೆ. ಕೋವಿ ಅಂಗಡಿ ಎಂದರೆ ಸಿನಿಮಾದಲ್ಲಿ ಕಾಣುವಂಥದ್ದಲ್ಲ. ಮುಂದುಗಡೆ ಹಗ್ಗ, ಬೀಗ, ಮಚ್ಚು, ಲಾಟೀನು. ಅರಸೀಕೆರೆ ತೆಂಗಿನ ಊರು, ರೈಲ್ವೆ ಜಂಕ್ಷನ್ನಿನ ಊರು. ಅದರಲ್ಲೇ ಮನೆಯ ಖರ್ಚು ಕಳೆಯುತ್ತಿತ್ತು. ಹಿಂದುಗಡೆ ಕಬ್ಬಿಣದ ಸರಳಿನ ಬಾಗಿಲಿನ ಒಂದು ಕೋಣೆ. ಅದರೊಳಗೆ ಕೋವಿಗಳು ಗೋಡೆಗೆ ಒರಗಿ, ಮದುವೆ ಮನೆಗೆ ಬಂದು ಯಾರೂ ಮಾತಾಡಿಸದ ನೆಂಟರ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಬೇಲೂರಿನ ಕಡೆಯಿಂದ ಕಾಫಿ ತೋಟದವರು, ಹಳೇಬೀಡಿನ ಕಡೆಯಿಂದ ಹಂದಿಯ ಕಾಟದ ರೈತರು, ನಮ್ಮ ಬಯಲುಸೀಮೆಯ ಪಟೇಲರ ಮನೆಯವರು ಬರುತ್ತಿದ್ದರು. ಅಂಗಡಿ ಮಾವನದು. ಕೋಣೆಯ ಬೀಗದ ಕೈ ಮಾತ್ರ ಅತ್ತೆಯ ಸೊಂಟದಲ್ಲಿ.

ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ತೋಟಾದ ಲೆಕ್ಕ ಅವರದೇ. ಸರ್ಕಾರಕ್ಕೆ ತೋರಿಸುವ ರಿಜಿಸ್ಟರನ್ನು ಮಾವ ಬರೆಯುತ್ತಿದ್ದರು. ಅದಕ್ಕೆ ಮೂಲ, ಅತ್ತೆ ಕನ್ನಡ ಅಂಕಿಯಲ್ಲಿ ಬರೆದಿಡುತ್ತಿದ್ದ ಕಚ್ಚಾ ಪುಸ್ತಕ. ಯಾರಿಗೆ ಎಷ್ಟು ತೋಟಾ, ಯಾವ ನಂಬರು, ಅವರ ಲೈಸೆನ್ಸಿನಲ್ಲಿ ವರ್ಷಕ್ಕೆ ಇನ್ನೆಷ್ಟು ಬಾಕಿ, ಎಲ್ಲ ಅದರಲ್ಲಿ. ನನಗೂ ಕಲಿಸಿದರು. ಚರೆಯ ನಂಬರು ದೊಡ್ಡದಾದಷ್ಟೂ ಚರೆ ಸಣ್ಣದು ಎಂಬುದು ನನ್ನ ತಲೆಗೆ ಹೋಗಲಿಲ್ಲ. "ಹೊಲಿಗೆ ಸೂಜಿ ನೋಡಿಲ್ವೇನೇ? ನಂಬರು ಏರಿದ ಹಾಗೆ ಸೂಜಿ ಸಣ್ಣ ಆಗಲ್ವಾ?" ಎಂದರು. ಅಲ್ಲಿಗೆ ಮುಗಿಯಿತು. ಆರನೇ ನಂಬರು ಹಕ್ಕಿಗೆ. ಎಲ್‌ಜಿ, ಎಸ್‌ಜಿ ಎಂಬ ದಪ್ಪ ಗುಂಡಿನವು ಹಂದಿಗೆ. ಹನ್ನೆರಡು ಬೋರು ಎಂದರೇನು ಎಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ, ಮಾವ ಹೇಳಿದರು: ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಉಂಡೆ ಮಾಡಿದರೆ, ಅದರಲ್ಲೊಂದು ಸರಿಯಾಗಿ ಕೂರುವ ನಳಿಗೆ. ಅತ್ತೆ ಇದನ್ನು ಕೇಳಿ, "ಹಾಗಾದ್ರೆ ನಮ್ಮ ಚಿಗಳಿ ಉಂಡೆ ಇಪ್ಪತ್ತು ಬೋರು" ಎಂದು ನಕ್ಕಿದ್ದರು.

ಈ ಹೊತ್ತಿಗೆ ಹಳ್ಳಿಗಳಲ್ಲಿ ಎರಡು ಬಗೆಯ ಕೋವಿ ಇದ್ದವು. ಒಂದು, ಬಾಯಿಂದ ಮದ್ದು, ಚರೆ ತುಂಬಿ ಗಸಿದು, ಹಿಂದೆ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿ. ಇನ್ನೊಂದು, ನಡು ಮುರಿದು ತೋಟಾ ಹಾಕುವ ತೋಟಾ ಕೋವಿ. ಕೇಪಿನ ಕೋವಿಯವನಿಗೆ ಅಂಗಡಿಯ ಹಂಗು ಕಡಿಮೆ. ತೋಟಾ ಕೋವಿ ಬಂದ ಮೇಲೆ ರೈತ ಅಂಗಡಿಗೆ ಕಟ್ಟುಬಿದ್ದ, ಅಂಗಡಿ ದೂರದ ಕಾರ್ಖಾನೆಗೆ ಕಟ್ಟುಬಿತ್ತು. 1878ರ ಆಯುಧ ಕಾಯಿದೆಯಿಂದ ಬ್ರಿಟಿಷ್ ಇಂಡಿಯಾದಲ್ಲಿ ಲೈಸೆನ್ಸು ಬಂತು. ಪಕ್ಕದ ಕೊಡಗಿನವರಿಗೆ ಮಾತ್ರ ಆಗಿನಿಂದಲೂ ರಿಯಾಯಿತಿ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ನಮ್ಮ ಕಡೆಯ ರೈತರು "ಕೊಡಗಿನೋರ ಪುಣ್ಯ" ಎನ್ನುತ್ತಾ ಲೈಸೆನ್ಸ್ ಪುಸ್ತಕ ಮುಂದೆ ಚಾಚುತ್ತಿದ್ದರು.

ಕೋಣೆಯಲ್ಲಿ ಒಂದೆರಡು ಇಂಗ್ಲಿಷ್ ಜೋಡುನಳಿಗೆಗಳಿದ್ದವು, ಬರ್ಮಿಂಗ್‌ಹ್ಯಾಮಿನವು. ಆ ಊರಿನಲ್ಲಿ 1813ರಲ್ಲೇ ನಳಿಗೆ ಪರೀಕ್ಷೆಗೆಂದು ಒಂದು ಮನೆ ಆಯಿತಂತೆ. ಹೆಚ್ಚು ಮದ್ದು ತುಂಬಿ ಹೊಡೆದು ನೋಡಿ, ತಾಳಿದ ನಳಿಗೆಗೆ ಮುದ್ರೆ. ಚಿನ್ನದ ಒರೆಗಲ್ಲಿದ್ದ ಹಾಗೆ. ಮಾವ ಹಳೆಯ ಕೋವಿ ಕೊಳ್ಳುವಾಗ ಮೊದಲು ಹುಡುಕುತ್ತಿದ್ದುದು ಆ ಮುದ್ರೆಯನ್ನು, ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡುತ್ತಿದ್ದರು.

ಹಳೆಯ ನಳಿಗೆಗಳಲ್ಲಿ ಡಮಾಸ್ಕಸ್ ಎಂಬ ಒಂದು ಜಾತಿ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹಗ್ಗದ ಹಾಗೆ ಹುರಿಮಾಡಿ, ಸುತ್ತಿ, ಕಾಯಿಸಿ ಬೆಸೆದು ಮಾಡಿದ್ದು. ಮೈಮೇಲೆಲ್ಲ ಸುಳಿಸುಳಿಯಾದ ಚಿತ್ತಾರ. ಅವು ಹಳೆಯ ಕರಿಮದ್ದಿನ ಕಾಲದವು. ಆಮೇಲೆ ಹೊಗೆಯಿಲ್ಲದ ಮದ್ದು ಬಂತು, ಅದರ ಒತ್ತಡ ಬೇರೆ, ಅದಕ್ಕೆ ತಾಳುವಂತೆ ಕಾರ್ಖಾನೆಗಳು ಅಚ್ಚ ಉಕ್ಕಿನ ನಳಿಗೆ ಮಾಡತೊಡಗಿದವು. ಕೋವಿ ಬದಲಾಯಿತು, ತೋಟಾ ಬದಲಾಯಿತು. ಅಟ್ಟದ ಮೇಲಿನ ತಾತನ ಕೋವಿ ಬದಲಾಗಲಿಲ್ಲ. ತೋಟಾದ ಅಳತೆಯೂ ಅದೇ ಹನ್ನೆರಡು ಬೋರು. ಲೈಸೆನ್ಸಿನಲ್ಲಿ ಹನ್ನೆರಡು ಬೋರಿನ ಜೋಡುನಳಿಗೆ ಎಂದಷ್ಟೇ ಇರುತ್ತಿತ್ತು.

1978ರ ಮಳೆಗಾಲದಲ್ಲಿ ನನ್ನ ತೌರಿನ ಕಡೆಯ ಹಳ್ಳಿಯವರೊಬ್ಬರು ಬಂದರು. ನನಗೆ ಅಣ್ಣನ ವರಸೆ. ಕೋವಿಯನ್ನು ರಿಪೇರಿಗೆ ತಂದಿದ್ದವರು ಬಾಗಿಲಿಗೆ ಒರಗಿಸಿ ಕೂತರು. ಅತ್ತೆ ಕಾಫಿ ತಂದವರು ನಳಿಗೆಯ ಮೇಲೆ ಬೆರಳಾಡಿಸಿ, "ಮೊಳಕಾಲ್ಮೂರು ಸೀರೆ ಅಂಚಿನ ಹಾಗಿದೆಯಲ್ಲೋ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಮಾವ ಊಟಕ್ಕೆ ಒಳಗಿದ್ದರು. ಹತ್ತು ತೋಟಾ ಕೊಟ್ಟು, ಹತ್ತು ಎಂದು ಬರೆದೆವು. ತಿಂಗಳೊಳಗೆ ಸುದ್ದಿ ಬಂತು: ನಳಿಗೆ ಸೀಳಿ ಎಡಗೈಯ ಎರಡು ಬೆರಳು ಹೋದವು. ಅಂದು ಅವರ ಗದ್ದೆಗೆ ಹಂದಿ ಬಂದೇ ಇರಲಿಲ್ಲವಂತೆ, ಸುಮ್ಮನೆ ಹೆದರಿಸಲು ಹೊಡೆದದ್ದು.

ಯಾರೂ ಅಂಗಡಿಯನ್ನು ದೂರಲಿಲ್ಲ. ಲೈಸೆನ್ಸು ಸರಿಯಿತ್ತು, ಲೆಕ್ಕ ಸರಿಯಿತ್ತು. ಆದರೆ ಅಲ್ಲಿಂದ ಮುಂದೆ ಮಾವ ಕೋವಿ ನೋಡದೆ ಹೊಸ ಗಿರಾಕಿಗೆ ತೋಟಾ ಕೊಡುವುದನ್ನೇ ಬಿಟ್ಟರು. "ಇವರದ್ದೇನು ಹೆಣ್ಣು ನೋಡುವ ಶಾಸ್ತ್ರ" ಎಂದು ಬೈದು ಹಾಸನಕ್ಕೆ ಹೋದವರಿದ್ದಾರೆ. ಅತ್ತೆ ಆ ವಿಷಯ ಎತ್ತಲೇ ಇಲ್ಲ.

ವ್ಯಾಪಾರ ಇಳಿದದ್ದಕ್ಕೆ ಅದು ಕಾರಣವಲ್ಲ ಬಿಡಿ. 1956ರ ಕೈಗಾರಿಕಾ ನೀತಿಯಲ್ಲೇ ಆಯುಧ ತಯಾರಿಕೆಯನ್ನು ಸರ್ಕಾರ ತನಗೇ ಇಟ್ಟುಕೊಂಡಿತ್ತು. ಬಂಗಾಳದ ಇಛಾಪುರದ ಕಾರ್ಖಾನೆಯಿಂದ .315 ರೈಫಲ್, ಪುಣೆ ಹತ್ತಿರದ ಖಡಕಿಯಿಂದ ತೋಟಾ. ಸೈನ್ಯದ .303 ತೋಟಾ ಊರಿನವರ ಕೈಗೆ ಹೋಗಬಾರದೆಂದು ಜನರಿಗೆ .315 ಎಂಬ ಬೇರೆಯೇ ಅಳತೆ. ಖಾಸಗಿಯವರೆಂದರೆ ಬಿಹಾರದ ಮುಂಗೇರ್ ಮತ್ತು ಜಮ್ಮುವಿನ ಸಣ್ಣ ಕಾರ್ಖಾನೆಗಳು. ಅವರಿಗೂ ವರ್ಷಕ್ಕೆ ಇಷ್ಟೇ ಎಂಬ ಕಟ್ಟು. ಮೀರ್ ಕಾಸಿಂ ನವಾಬ ಹದಿನೆಂಟನೇ ಶತಮಾನದಲ್ಲಿ ರಾಜಧಾನಿಯನ್ನು ಮುಂಗೇರಿಗೆ ಒಯ್ದ ಕಾಲದ ಕಸುಬು ಅದು. ಬೆಲೆ ಅಗ್ಗ. ಮಾವನಿಗೆ ಅವುಗಳ ಮೇಲೆ ಅಷ್ಟು ನಂಬಿಕೆಯಿರಲಿಲ್ಲ, ಗಿರಾಕಿ ಕೇಳಿದ್ದೇ ಅದನ್ನು. ಹೀಗಾಗಿ ಅಂಗಡಿಯವನಿಗೆ ಆರಿಸುವ ಸ್ವಾತಂತ್ರ್ಯವೇ ಉಳಿಯಲಿಲ್ಲ. ಕಾರ್ಖಾನೆ ಕಳಿಸಿದಾಗ ಮಾರಬೇಕು, ಕಳಿಸದಿದ್ದರೆ ಹಗ್ಗ ಮಾರಬೇಕು. ಒಂದು ಒಳ್ಳೆಯದಾಯಿತು: ರಟ್ಟಿನ ತೋಟಾ ಹೋಗಿ ಪ್ಲಾಸ್ಟಿಕ್ಕಿನದು ಬಂತು. ಮಲೆನಾಡಿನ ಮಳೆಗೆ ರಟ್ಟಿನದು ಹಪ್ಪಳದಂತೆ ಉಬ್ಬಿ ನಳಿಗೆಗೆ ಹೋಗುತ್ತಲೇ ಇರಲಿಲ್ಲ. ಅತ್ತೆ ಅದನ್ನು ಅಕ್ಕಿ ಡಬ್ಬದಲ್ಲಿ ಹುದುಗಿಸಿ ಇಡಲು ಬೇಲೂರಿನವರಿಗೆ ಹೇಳಿಕೊಡುತ್ತಿದ್ದರು.

ಅಷ್ಟರಲ್ಲಿ ಶಿಕಾರಿಯೇ ನಿಂತಿತು. ನಮ್ಮೂರಿನ ಸುತ್ತ ಒಂದು ಕಾಲಕ್ಕೆ ಎಂಥ ಕಾಡಿತ್ತೆಂದು ತಿಳಿಯಬೇಕಾದರೆ ಕೆನೆತ್ ಆಂಡರ್ಸನ್ ಬರೆದ ಕರಡಿಯ ಕಥೆ ಓದಿ. ಅರಸೀಕೆರೆಯ ಪೂರ್ವದ ಗುಡ್ಡಗಳಲ್ಲಿ ಮನುಷ್ಯರ ಮೇಲೆ ಬೀಳುತ್ತಿದ್ದ ಕರಡಿ ಅದು. 1972ರ ವನ್ಯಜೀವಿ ಕಾಯಿದೆ ಬಂತು, ಮರುವರ್ಷ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1991ರ ತಿದ್ದುಪಡಿ ಉಳಿದ ಬಾಗಿಲನ್ನೂ ಮುಚ್ಚಿತು. ಸರಿಯಾದದ್ದೇ ಆಯಿತು ಎಂದು ನನ್ನ ಅಭಿಪ್ರಾಯ. ಕೋವಿ ಮಾರಿ ತಿಂದ ಮನೆಯವಳು ಹೀಗೆ ಹೇಳಬಹುದೇ ಎಂದು ನಮ್ಮವರು ಕೆಣಕುತ್ತಿದ್ದರು. ನವಿಲನ್ನು ಹೊಡೆದು ತಂದು ಬೀಗಿದವರನ್ನು ಕಣ್ಣಾರೆ ಕಂಡವಳು ನಾನು, ಏಕೆ ಹೇಳಬಾರದು? ಮುಂದೆ ಹೊಸ ಲೈಸೆನ್ಸು ಸಿಗುತ್ತಿದ್ದುದು ಬೆಳೆ ರಕ್ಷಣೆಗೆ, ಆತ್ಮರಕ್ಷಣೆಗೆ. ವರ್ಷಕ್ಕೆ ನಾಲ್ಕು ತೋಟಾ ಕೊಂಡು ಆಯುಧಪೂಜೆಗೆ ಕೋವಿ ಒರೆಸಿ ಕುಂಕುಮ ಹಚ್ಚುವವರೇ ಹೆಚ್ಚು. ಚುನಾವಣೆ ಬಂದರೆ ಅದೂ ಠಾಣೆಯಲ್ಲಿ.

ಎಂಬತ್ತರ ದಶಕದಲ್ಲಿ ಹೊರದೇಶದ ಕೋವಿಯ ಆಮದೂ ನಿಂತಾಗ ಒಂದು ವಿಚಿತ್ರ ನಡೆಯಿತು. ಹೊಸದು ಬರುವಂತಿಲ್ಲವಾದ್ದರಿಂದ ಹಳೆಯ ಇಂಗ್ಲಿಷ್, ಬೆಲ್ಜಿಯಂ ಕೋವಿಗಳಿಗೆ ಚಿನ್ನದ ಬೆಲೆ ಬಂತು. ಮಾರುವವರಿಂದ ಕೊಳ್ಳುವವರಿಗೆ ದಾಟಿಸಿದ ದಲ್ಲಾಳಿಯಲ್ಲೇ ನಮ್ಮ ಅಂಗಡಿ ಹತ್ತು ವರ್ಷ ಉಸಿರಾಡಿತು. ಹಳೇಬೀಡಿನ ಕಡೆಯ ಒಂದು ಮನೆಯವರು ಕೋವಿ ಮಾರಿ ಮಗಳ ಮದುವೆ ಮಾಡಿದರು. ಆ ತಾಯಿ ನನ್ನ ಕಿವಿಯಲ್ಲಿ ಹೇಳಿದ್ದು: "ಈ ಕೋವಿಯಿಂದ ಮನೆಗೆ ಬಂದ ಮೊದಲನೇ ಉಪಕಾರ ಇದು ಕಣವ್ವಾ."

ಅತ್ತೆ, ಮಾವ ತೀರಿಕೊಂಡ ಮೇಲೆ ನಮ್ಮವರು ನಡೆಸಿದರು, ಲೆಕ್ಕ ನಾನು ಬರೆದೆ. 2016ರ ನಿಯಮಗಳು ಬಂದವು. ಲೈಸೆನ್ಸು ಬೇಕಾದವರು ಕೋವಿ ಹಿಡಿಯುವ ತರಬೇತಿ ಪಡೆಯಬೇಕು. ಲೈಸೆನ್ಸಿಗೊಂದು ನಂಬರು, ಎಲ್ಲ ಕಂಪ್ಯೂಟರಿಗೆ. ಖಾಸಗಿ ಕಂಪನಿಗಳು ಕೋವಿ ಮಾಡುವುದಕ್ಕೂ ದಾರಿ ತೆರೆಯಿತು. ಹೊಸ ಹೊಸ ಕೋವಿಗಳ ಬಣ್ಣದ ಚಿತ್ರಗಳು ಬಂದವು. ಅವನ್ನು ಕೊಳ್ಳುವವರು ದೊಡ್ಡ ಊರಿನವರು. 2019ರ ಡಿಸೆಂಬರಿನ ತಿದ್ದುಪಡಿ, ಒಬ್ಬರಿಗೆ ಮೂರರ ಬದಲು ಎರಡೇ ಕೋವಿ ಎಂದಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸಿರುವ ಅಂಗಡಿಗೋ ಒಪ್ಪಿಸಬೇಕು. ಕೊರೋನಾದ ವರ್ಷವದು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜನ ಕೋವಿ ತಂದರು. ಮಾರಲು ಇದ್ದ ಅಂಗಡಿ ಇರಿಸಿಕೊಳ್ಳುವ ಉಗ್ರಾಣವಾಯಿತು. ಬೇಲೂರಿನ ಕಡೆಯವರು, "ಈಗ ಬರೋದು ಹಂದಿ ಅಲ್ಲ, ಆನೆ ಹಿಂಡು. ಈ ಕೋವಿ ಏನು ಮಾಡುತ್ತೆ, ಇಟ್ಕೊಳ್ಳಿ" ಎಂದು ಕೊಟ್ಟು ಹೋದರು.

2021ರ ಅಕ್ಟೋಬರಿನಲ್ಲಿ ಆರ್ಡ್ನೆನ್ಸ್ ಕಾರ್ಖಾನೆಗಳ ಮಂಡಳಿಯೇ ಮುಚ್ಚಿ ಏಳು ಕಂಪನಿಗಳಾದವು. ಕೋವಿ ಒಂದು ಕಂಪನಿ, ತೋಟಾ ಇನ್ನೊಂದು. ಹೊಸ ಹೆಸರಿಗೆ ಪತ್ರ ಬರೆಯುವುದನ್ನು ನಮ್ಮವರು ಕಲಿಯುವಷ್ಟರಲ್ಲಿ, 2022ರ ಶ್ರಾವಣದಲ್ಲಿ, ಅವರೂ ಹೊರಟುಹೋದರು.

ಮಗ ಬೆಂಗಳೂರಿನವನು, ಅವನಿಗೆ ಇದು ಬೇಡ. ನನ್ನ ಹೆಸರಿಗೇ ಲೈಸೆನ್ಸ್ ಕೇಳಲೇ ಎಂದು ಒಂದು ತಿಂಗಳು ಯೋಚಿಸಿದೆ. ಬೇಲೂರಿನ ಬಿಲ್ಲಿನವಳು ನೆನಪಾದಳು ಎಂದರೆ ನಗಬೇಡಿ. ಕೊನೆಗೆ ಮುಂದಿನ ಅಂಗಡಿ ಇಟ್ಟುಕೊಂಡು ಹಿಂದಿನದನ್ನು ಬಿಡಲು ಅರ್ಜಿ ಬರೆದೆ. ದಾಸ್ತಾನು ಅಪ್ಪಣೆ ಪಡೆದು ಬೇರೆ ಊರಿನ ವ್ಯಾಪಾರಿಗೆ ಹೋಯಿತು. ಅಧಿಕಾರಿಗಳು ಬಂದು ತೋಟಾಗಳನ್ನು ಮೇಜಿನ ಮೇಲೆ ಹರವಿ ಎಣಿಸಿದರು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. "ಅಮ್ಮಾ, ಇಷ್ಟು ಸರಿಯಾದ ಲೆಕ್ಕ ಅಪರೂಪ" ಎಂದರು.

ಕೋಣೆ ಗುಡಿಸುವಾಗ ಅಟ್ಟದಿಂದ ಅತ್ತೆಯ ಕಚ್ಚಾ ಪುಸ್ತಕಗಳ ಕಟ್ಟು ಇಳಿಸಿದೆ. 1978ರದನ್ನು ತೆರೆದದ್ದು ಬೇಕೆಂದೇ. ಹೆಸರು, ಊರು, ಲೈಸೆನ್ಸ್ ನಂಬರು, ತೋಟಾ ೧೦. ಅದರ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ, ಆಮೇಲೆ ಎಂದೋ ಬರೆದದ್ದು, ಎರಡೇ ಮಾತು: "ಕೋವಿ ನೋಡಿದ್ದೆ."

ಆ ಪುಸ್ತಕವನ್ನು ತೂಕಕ್ಕೆ ಹಾಕಲಿಲ್ಲ. ಬೇಲೂರಿಗೆ ಹೋದಾಗ ಆ ಅಣ್ಣನ ಮನೆಗೆ ಹೋಗಿಬಂದೆ. ಅವರಿಗೆ ಈಗ ಎಂಬತ್ತು ದಾಟಿದೆ. ಎಡಗೈಯಲ್ಲೇ ಲೋಟ ಹಿಡಿದು ನನಗೆ ಕಾಫಿ ಕೊಟ್ಟು, "ನಿಮ್ಮತ್ತೆ ಇರೋತನಕ ಪ್ರತಿ ಯುಗಾದಿಗೂ ಎಣ್ಣೆ, ಬೆಲ್ಲ ಕಳಿಸೋರು, ಯಾಕೆ ಅಂತ ನಂಗೆ ತಿಳೀಲೇ ಇಲ್ಲ" ಎಂದರು.