ಹರಿದ ಕಾಗದಗಳ ಇತಿಹಾಸ



ಕಳೆದ ತಿಂಗಳು ಹಾಸನದ ನಮ್ಮ ಮನೆಯಲ್ಲಿ ಒಂದು ಅನಾಹುತವಾಯಿತು. ಹೊಳೆನರಸೀಪುರದ ಹಳೆಯ ಮನೆಯಿಂದ ತಂದಿರಿಸಿದ್ದ ಕಾಗದದ ತಂತಿಯನ್ನು ನಾಯಿಮರಿ ಎಳೆದು, ಹತ್ತಾರು ಪತ್ರಗಳನ್ನು ಹರಿದುಹಾಕಿತು. ಬಂದ ಪತ್ರಗಳನ್ನು ಕೊಕ್ಕೆಯ ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದ ಕಾಲವನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ.

“ತಾತ, ಇದಕ್ಕೆ ಕಾಗದದ ಮೇಲೆ ಏನು ಕೋಪ?” ಎಂದು ಮೊಮ್ಮಗ ಕೇಳಿದ. ಕೋಪವಲ್ಲ. ಹೊಸ ಹಲ್ಲು ಮೂಡುವಾಗ ಮರಿಗೆ ಏನನ್ನಾದರೂ ಕಚ್ಚಬೇಕೆನಿಸುತ್ತದೆ. ಬೇಟೆಯ ಚರ್ಮ, ಗರಿಗಳನ್ನು ಸೀಳುವ ಪೂರ್ವಿಕರ ಸ್ವಭಾವವೂ ಅದರಲ್ಲಿ ಉಳಿದಿದೆ. ಮನುಷ್ಯನು ಹರಿಯುವುದು ಬೇರೆ ಕಾರಣಕ್ಕೆ.

ಚೂರುಗಳನ್ನು ಜೋಡಿಸುತ್ತ ಕುಳಿತಾಗ ಒಂದು ಸಂಗತಿ ಹೊಳೆಯಿತು. ತಂತಿಯಲ್ಲಿ ಮದುವೆ, ನಾಮಕರಣ, ಪರೀಕ್ಷೆಯ ಫಲಿತಾಂಶ ಎಲ್ಲವೂ ಇದ್ದವು. ಸಾವಿನ ಸುದ್ದಿಯ ಪತ್ರ ಒಂದೂ ಇರಲಿಲ್ಲ. ಅಂಥ ಕಾಗದವನ್ನು ಓದಿದೊಡನೆ ಹರಿದುಹಾಕುವುದು, ಒಳಗೆ ತರದಿರುವುದು ನಮ್ಮ ಮನೆಗಳ ಪದ್ಧತಿ. ನಮ್ಮ ದೇಶಕ್ಕೆ 1879ರಲ್ಲಿ ಬಂದ ಅಂಚೆ ಕಾರ್ಡು ಅಶುಭವನ್ನು ಹೊಸ್ತಿಲವರೆಗೆ ತಂದಿತು. ಹೊಸ್ತಿಲಾಚೆಗೇ ಅದನ್ನು ತಡೆಯುವ ಉಪಾಯವನ್ನು ಜನ ಕಂಡುಕೊಂಡರು.

ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಮಾತ್ರ ಮರಣವನ್ನು ಕಲ್ಲಿನಲ್ಲಿ ಕೆತ್ತಿದರು. ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ, ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಜೈನರಿಗೆ ಸಲ್ಲೇಖನವು ಪುಣ್ಯಮರಣ, ನೆನೆಯಬೇಕಾದದ್ದು. ನಮ್ಮವರಿಗೆ ಸಾವಿನ ಕಾಗದ ಸೂತಕ.

1971ರಲ್ಲಿ ನಮ್ಮ ತಂದೆ ಜಗಲಿಯಲ್ಲಿ ನಿಂತು ಒಂದು ಕಾರ್ಡು ಓದಿ, ನಾಲ್ಕು ಚೂರು ಮಾಡಿ, ಮಾತಾಡದೆ ಬಾವಿಯ ಕಡೆಗೆ ನಡೆದದ್ದು ನನಗೆ ನೆನಪಿದೆ. ಅರಕಲಗೂಡಿನ ಸೋದರತ್ತೆ ತೀರಿಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಈಗ ನಮ್ಮ ವಂಶವೃಕ್ಷ ಬರೆಯುತ್ತಿರುವ ಹುಡುಗ ತಿಥಿ ಕೇಳಿದರೆ ಹೇಳಬಲ್ಲವರು ಯಾರೂ ಉಳಿದಿಲ್ಲ. ಅದಿದ್ದ ಕಾಗದವನ್ನು ತಂದೆಯೇ ಹರಿದರು.

ಹೀಗಾಗಿ, ತರಗತಿಯಲ್ಲಿ ನಿಮಗೆ ಹೇಳುತ್ತಿದ್ದ ಪಾಠವನ್ನೇ ನಾನು ಪ್ರಯೋಗಿಸಿದೆ: ಆಧಾರ ಸಿಗದಿದ್ದರೆ ಅದರ ಹಿಂದೆ ಮುಂದೆ ಇರುವುದನ್ನು ನೋಡಬೇಕು. ಆ ವರ್ಷದ ಯುಗಾದಿಗೆ ಅತ್ತೆ ಪೆನ್ಸಿಲಿನಲ್ಲಿ ಬರೆದ ಕಾರ್ಡು ತಂತಿಯಲ್ಲಿತ್ತು: ಮಾವಿನ ಮಿಡಿ ಬಂದಿದೆ, ಬಂದು ಒಯ್ಯಿರಿ. ಭಾದ್ರಪದದಲ್ಲಿ ಅರಕಲಗೂಡಿಗೆ ಗೌರಿ ಬಾಗಿನ ಹೋಗಲಿಲ್ಲ. ಅವರ ಪಾಲಿನ ಮೊರವನ್ನು ಅಮ್ಮ ಅಟ್ಟದಿಂದ ಇಳಿಸಲೇ ಇಲ್ಲ.

ವಂಶವೃಕ್ಷದಲ್ಲಿ ಅವರ ಹೆಸರಿನ ಮುಂದೆ “1971, ಯುಗಾದಿಗೂ ಗೌರಿಹಬ್ಬಕ್ಕೂ ನಡುವೆ” ಎಂದು ಬರೆಸಿದ್ದೇನೆ. ಬಂಧುಗಳಲ್ಲಿ ಯಾರಿಗಾದರೂ ತಿಥಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನೀವು ಬರೆದ ಕಾಗದವನ್ನು ನಾನು ಹರಿಯುವುದಿಲ್ಲ.