ಓಪನ್‌ಫೋಮ್ ಸೆಟ್ಟಿಂಗ್‌ಗಳು: ಬಳಕೆದಾರರನ್ನು ಏನು ಕೇಳಬೇಕು, ಏನು ಕೇಳಬಾರದು

ಗಾಳಿ, ನೀರು, ಹೊಗೆ ಹೇಗೆ ಹರಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ತಂತ್ರಾಂಶಗಳ ಪೈಕಿ ಓಪನ್‌ಫೋಮ್ ಬಹಳ ಹೆಸರಾದದ್ದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1980ರ ದಶಕದ ಕೊನೆಯಲ್ಲಿ ಶುರುವಾದ ಈ ಕೆಲಸ 2004ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ದುಡ್ಡು ಕೊಡಬೇಕಿಲ್ಲ. ಆದರೂ ಭೌತಶಾಸ್ತ್ರ ಚೆನ್ನಾಗಿ ಓದಿಕೊಂಡವರೇ ಇದರ ಮುಂದೆ ಕೂತು ತಬ್ಬಿಬ್ಬಾಗುತ್ತಾರೆ. ಯಾವ ಕಡತದಲ್ಲಿ ಯಾವ ಸಂಖ್ಯೆ ಬರೆಯಬೇಕು ಎಂಬುದೇ ಅವರ ತೊಡಕು.

## ಒಂದೇ ಪಂಕ್ತಿಯಲ್ಲಿ ಎರಡು ಬಗೆ

ಪ್ರತಿ ಲೆಕ್ಕಕ್ಕೂ ಒಂದು ಫೋಲ್ಡರ್. ಅದರೊಳಗೆ ‘0’, ‘ಕಾನ್‌ಸ್ಟಂಟ್’, ‘ಸಿಸ್ಟಮ್’ ಎಂಬ ಮೂರು. ಮೊದಲನೆಯದರಲ್ಲಿ ಆರಂಭದ ವೇಗ, ಒತ್ತಡ. ಎರಡನೆಯದರಲ್ಲಿ ಹರಿಯುವ ವಸ್ತುವಿನ ಗುಣ ಮತ್ತು ಮೆಶ್, ಅಂದರೆ ಜಾಗವನ್ನು ಸಣ್ಣ ಕೋಶಗಳಾಗಿ ಒಡೆದ ಜಾಲ. ಮೂರನೆಯದರಲ್ಲಿ ಲೆಕ್ಕ ಮಾಡುವ ವಿಧಾನ. ಎಲ್ಲವೂ ಬರೀ ಪಠ್ಯದ ಕಡತಗಳು.

ಗಾಳಿಯ ವೇಗ ಎಷ್ಟು, ವಸ್ತುವಿನ ಆಕಾರ ಯಾವುದು ಎಂಬುದು ಬಳಕೆದಾರರಿಗೆ ಮಾತ್ರ ಗೊತ್ತು. ‘ರಿಲ್ಯಾಕ್ಸೇಶನ್ ಫ್ಯಾಕ್ಟರ್’ ಹಾಗಲ್ಲ. 1972ರಲ್ಲಿ ಸುಹಾಸ್ ಪಾಟಣಕರ್ ಮತ್ತು ಬ್ರಯಾನ್ ಸ್ಪಾಲ್ಡಿಂಗ್ ಪ್ರಕಟಿಸಿದ ‘ಸಿಂಪಲ್’ ವಿಧಾನದಲ್ಲಿ ಉತ್ತರವನ್ನು ಸುತ್ತು ಸುತ್ತಾಗಿ ತಿದ್ದುತ್ತ ಹೋಗುತ್ತಾರೆ. ಪ್ರತಿ ಸುತ್ತಿನ ತಿದ್ದುಪಡಿಯಲ್ಲಿ ಎಷ್ಟು ಪಾಲನ್ನು ಒಪ್ಪಿಕೊಳ್ಳಬೇಕು ಎಂಬುದೇ ಈ ಸಂಖ್ಯೆ: ಒತ್ತಡಕ್ಕೆ 0.3, ವೇಗಕ್ಕೆ 0.7 ರೂಢಿಯಲ್ಲಿದೆ. ಲೆಕ್ಕ ಸರಿಯಾಗಿ ಒಂದು ನೆಲೆಗೆ ಬಂದು ನಿಂತರೆ ಉತ್ತರದಲ್ಲಿ ಇದರ ಗುರುತೂ ಉಳಿಯುವುದಿಲ್ಲ. ಇಂಥದ್ದನ್ನು ಹೊಸಬರ ಮುಂದೆ ಇಡುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಅದು ತಂತ್ರಾಂಶವೇ ಹೊರಬೇಕಾದ ಹೊರೆ.

## 0.24 ಎಲ್ಲಿಂದ ಬಂತು?

ಓಪನ್‌ಫೋಮ್ ಜೊತೆಗೆ ಬರುವ ಮಾದರಿಗಳಲ್ಲಿ ಮೋಟಾರ್‌ಬೈಕಿನದು ಪ್ರಸಿದ್ಧ. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಬೈಕನ್ನೂ ಸವಾರನನ್ನೂ ಹಾದುಹೋಗುತ್ತದೆ. ಅದರಲ್ಲಿ ಗಾಳಿಯ ಪ್ರಕ್ಷುಬ್ಧ ಶಕ್ತಿಗೆ 0.24 ಎಂದು ಬರೆದಿದೆ. ಕಲಿಯುವ ಅನೇಕರು ಅದನ್ನು ಹಾಗೇ ನಕಲು ಮಾಡಿಕೊಳ್ಳುತ್ತಾರೆ, ತಮ್ಮ ಗಾಳಿಯ ವೇಗ ಬೇರೆಯಿದ್ದರೂ!

ಲೆಕ್ಕ ಬಿಡಿಸಿ ನೋಡಿದರೆ ಗುಟ್ಟೇನಿಲ್ಲ. ಗಾಳಿಯ ಏರಿಳಿತ ಸರಾಸರಿ ವೇಗದ ಶೇ. 2ರಷ್ಟು, ಅಂದರೆ ಸೆಕೆಂಡಿಗೆ 0.4 ಮೀಟರ್ ಎಂದಿಟ್ಟುಕೊಳ್ಳಿ. ಅದರ ವರ್ಗ 0.16. ಒಂದೂವರೆಯಿಂದ ಗುಣಿಸಿದರೆ 0.24. ‘ಗಾಳಿ ಶೇಕಡಾ ಎಷ್ಟು ಅಲುಗಾಡುತ್ತಿದೆ?’ ಎಂದು ಕೇಳಿದರೆ ಎಂಜಿನಿಯರ್ ಒಂದು ಅಂದಾಜು ಹೇಳಬಲ್ಲ. ‘ಪ್ರಕ್ಷುಬ್ಧ ಶಕ್ತಿ ಎಷ್ಟು?’ ಎಂದರೆ ಬಾಯಿ ಕಟ್ಟುತ್ತದೆ. ಶೇಕಡಾವಾರು ಕೊಟ್ಟರೆ ತಾನೇ ಶಕ್ತಿಯನ್ನು ಲೆಕ್ಕ ಹಾಕಿಕೊಳ್ಳುವ ಬೌಂಡರಿ ಕಂಡಿಷನ್ (ಅಂಚಿನ ನಿಯಮ) ಓಪನ್‌ಫೋಮ್‌ನಲ್ಲೇ ಇದೆ. ಆದರೆ ಹೆಚ್ಚಿನವರ ಕಣ್ಣಿಗೆ ಮೊದಲು ಬೀಳುವುದು ಅದಲ್ಲ.

ಗೋಡೆಯ ಪಕ್ಕದ ಮೆಶ್ ವಿಷಯದಲ್ಲೂ ಇದೇ ಕಥೆ. ‘ವೈ ಪ್ಲಸ್’ (ಗೋಡೆಯಿಂದ ಮೊದಲ ಕೋಶಕ್ಕಿರುವ ದೂರವನ್ನು ಹರಿವಿನದೇ ಅಳತೆಗೋಲಿನಲ್ಲಿ ಹೇಳುವ ಸಂಖ್ಯೆ) 30ರಿಂದ 300ರೊಳಗೆ ಇರಲಿ ಅಥವಾ 1ರ ಹತ್ತಿರ ಇರಲಿ ಎನ್ನುತ್ತವೆ ಪುಸ್ತಕಗಳು. ಅದು ಖಚಿತವಾಗಿ ಗೊತ್ತಾಗುವುದು ಲೆಕ್ಕ ಮುಗಿದ ಮೇಲೆ, ಮೆಶ್ ಬೇಕಾಗುವುದು ಅದಕ್ಕೂ ಮೊದಲು. ಸಪಾಟು ಹಲಗೆಯ ಸೂತ್ರದಿಂದ ಅಂದಾಜಿಸಿದರೆ, ಅದೇ 20 ಮೀಟರ್ ವೇಗದ ಗಾಳಿಗೆ, ಎರಡು ಮೀಟರ್ ಉದ್ದದ ಮೈಗೆ, ಮೊದಲ ಕೋಶದ ನಡುಬಿಂದು ಗೋಡೆಯಿಂದ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದೂರವಿದ್ದರೆ 30 ಸಿಗುತ್ತದೆ. 1 ಬೇಕಾದರೆ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಮಾತ್ರ. ಈ ಅಂದಾಜನ್ನು ಮಿಲಿಮೀಟರಿನಲ್ಲೇ ಪರದೆಯ ಮೇಲೆ ತೋರಿಸಿದರೆ ಅರ್ಧ ಗೊಂದಲ ಕರಗುತ್ತದೆ.

## ಡಿಫಾಲ್ಟ್ ಇಡಬಾರದ ಜಾಗ

ಹಾಗಾದರೆ ಎಲ್ಲಕ್ಕೂ ಸಿದ್ಧ ಮೌಲ್ಯ ತುಂಬಿಬಿಡಬಹುದೇ? ಇಲ್ಲ. ಹರಿವು ತನ್ನೊಡನೆ ಏನನ್ನು ಹೊತ್ತು ಸಾಗುತ್ತದೆ ಎಂದು ಲೆಕ್ಕಿಸುವ ಕಡೆ ‘ಅಪ್‌ವಿಂಡ್’ ಎಂಬ ಸರಳ ವಿಧಾನ ಆರಿಸಿದರೆ ಲೆಕ್ಕ ಅಪರೂಪಕ್ಕೆ ಕುಸಿಯುತ್ತದೆ, ಚಿತ್ರವೂ ನಯವಾಗಿ ಬರುತ್ತದೆ. ಸುಳಿಗಳು ಮಾತ್ರ ಕಲಸಿಹೋಗಿರುತ್ತವೆ. ಉತ್ತರವನ್ನೇ ಬದಲಿಸುವ ಇಂಥ ಆಯ್ಕೆಯನ್ನು ತಂತ್ರಾಂಶ ಸದ್ದಿಲ್ಲದೆ ಮಾಡಿದರೆ ಬಳಕೆದಾರರಿಗೆ ತಾವು ಏನನ್ನು ಒಪ್ಪಿದೆವೆಂಬುದೂ ತಿಳಿಯದು. ಓಪನ್‌ಫೋಮ್‌ನ ಅನೇಕ ಮಾದರಿಗಳಲ್ಲಿ ಈ ಜಾಗದಲ್ಲಿ ‘ಡಿಫಾಲ್ಟ್ ನನ್’ ಎಂದೇ ಇರುತ್ತದೆ. ಒಂದೊಂದನ್ನೂ ನೀವೇ ಬರೆಯಬೇಕು. ಕಿರಿಕಿರಿಯೇ, ಆದರೆ ಒಳ್ಳೆಯ ಕಿರಿಕಿರಿ.

## ಬಾಳೆಹಣ್ಣಿನ ಉಪಾಯ

ಯಾವ ಆಯ್ಕೆಗಳಿವೆ ಎಂದು ತಿಳಿಯಲು ಪಳಗಿದವರು ಒಂದು ಕಿತಾಪತಿ ಮಾಡುತ್ತಾರೆ: ವಿಧಾನದ ಹೆಸರಿರಬೇಕಾದ ಕಡೆ ‘ಬನಾನಾ’ ಎಂದು ಬರೆದು ಓಡಿಸುವುದು. ತಂತ್ರಾಂಶ ಮುಗ್ಗರಿಸಿ, ಇಂಥ ಹೆಸರು ಗೊತ್ತಿಲ್ಲ, ಸಲ್ಲುವವು ಇವು ಎಂದು ಪೂರ್ತಿ ಪಟ್ಟಿ ಕಕ್ಕುತ್ತದೆ. ತಮಾಷೆಯಾಗಿದೆ. ಆದರೆ ದೋಷದ ಸಂದೇಶವೇ ಮೆನು ಆಗಬೇಕಾಗಿ ಬಂದದ್ದು ವಿನ್ಯಾಸದ ಕೊರತೆ. ಅದೇ ಪಟ್ಟಿಯನ್ನು ಮೊದಲೇ ತೋರಿಸಿ, ಪ್ರತಿ ಹೆಸರಿನ ಮುಂದೆ ‘ಯಾವಾಗ ಬಳಸಬಹುದು’ ಎಂಬ ಒಂದು ಸಾಲು ಬರೆದರೆ ಸಾಕಿತ್ತು. ಸುಧಾರಣೆ ಆಗಿಲ್ಲವೆಂದಲ್ಲ: ಓಪನ್‌ಫೋಮ್ ಫೌಂಡೇಶನ್ 2023ರಲ್ಲಿ ಬಿಡುಗಡೆ ಮಾಡಿದ 11ನೇ ಆವೃತ್ತಿಯಲ್ಲಿ ಒಂದೊಂದು ಬಗೆಯ ಹರಿವಿಗೆ ಒಂದೊಂದು ಸಾಲ್ವರ್ (ಲೆಕ್ಕ ಬಿಡಿಸುವ ಪ್ರೋಗ್ರಾಂ) ಎಂಬ ಹಳೆಯ ಪದ್ಧತಿ ಹೋಗಿ, ‘ಫೋಮ್‌ರನ್’ ಎಂಬ ಒಂದೇ ಆದೇಶದಡಿ ಮಾಡ್ಯೂಲ್‌ಗಳು ಬಂದವು.

## ಓಡಿಸುವ ಮುನ್ನ ಖರ್ಚು

ಕಾಲದೊಡನೆ ಬದಲಾಗುವ ಹರಿವನ್ನು ಸಣ್ಣ ಸಣ್ಣ ಕಾಲದ ಹೆಜ್ಜೆಗಳಲ್ಲಿ ಲೆಕ್ಕ ಹಾಕುತ್ತಾರೆ. ಆ ಹೆಜ್ಜೆಯನ್ನು ಕೋರಂಟ್ ಸಂಖ್ಯೆ, ಅಂದರೆ ಒಂದು ಹೆಜ್ಜೆಯಲ್ಲಿ ಹರಿವು ಎಷ್ಟು ಕೋಶ ದಾಟುತ್ತದೆ ಎಂಬುದು, ನಿಯಂತ್ರಿಸುತ್ತದೆ. ಇದರ ಮೂಲ ಕೋರಂಟ್, ಫ್ರೀಡ್ರಿಕ್ಸ್, ಲೆವಿ ಅವರ 1928ರ ಪ್ರಬಂಧ. ಅದನ್ನು 1ಕ್ಕೆ ಮಿತಿಗೊಳಿಸಿದರೆ, 5 ಮಿಲಿಮೀಟರ್ ಕೋಶದಲ್ಲಿ 20 ಮೀಟರ್ ವೇಗಕ್ಕೆ ಹೆಜ್ಜೆ 0.00025 ಸೆಕೆಂಡು ಮೀರುವಂತಿಲ್ಲ. ಗರಿಷ್ಠ ಮಿತಿ ಹೇಳಿದರೆ ಹಲವು ಸಾಲ್ವರ್‌ಗಳು ಹೆಜ್ಜೆಯನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಆದರೆ ಕೋಶದ ಅಳತೆಯನ್ನು ಅರ್ಧಕ್ಕಿಳಿಸಿದರೆ ಮೂರು ಆಯಾಮಗಳಲ್ಲಿ ಕೋಶಗಳು ಎಂಟು ಪಟ್ಟು, ಹೆಜ್ಜೆಗಳು ಎರಡು ಪಟ್ಟು, ಒಟ್ಟು ಕೆಲಸ ಸುಮಾರು 16 ಪಟ್ಟು ಏರುತ್ತದೆ. ಒಂದು ಗಂಟೆಯ ಲೆಕ್ಕ ಮರುದಿನಕ್ಕೆ ಹೋಗಬಹುದು ಎಂಬುದನ್ನು ಅಳತೆ ಬದಲಿಸಿದ ಕ್ಷಣದಲ್ಲೇ, ಆ ಸಂಖ್ಯೆಯ ಪಕ್ಕದಲ್ಲೇ ತೋರಿಸಬೇಕು.